ಕವಾಟ ಸೋರುತ್ತಿದ್ದರೆ: ಎಕೋ ಪರೀಕ್ಷೆಯಿಂದ ಆರೈಕೆವರೆಗೆ

ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ ಎರಡು ಎಸಳಿನ ಮೈಟ್ರಲ್ ಕವಾಟವಿದೆ. ಮೇಲಿನ ಕೋಣೆಯ ರಕ್ತವನ್ನು ಕೆಳಕ್ಕೆ ಬಿಟ್ಟು, ಹೃದಯ ಹಿಂಡಿಕೊಂಡಾಗ ಅದು ಮುಚ್ಚಿಕೊಳ್ಳಬೇಕು. ಮುಚ್ಚುವಲ್ಲಿ ಸಂದು ಉಳಿದರೆ ರಕ್ತ ಹಿಂದಕ್ಕೆ ನುಗ್ಗಿ, ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ. ಅಲ್ಪ ಸೋರಿಕೆ ವರ್ಷಗಟ್ಟಲೆ ತೊಂದರೆ ಕೊಡದಿರಬಹುದು. ಎಸಳೇ ಹಾಳಾಗಿ ಸೋರಿಕೆ ತೀವ್ರವಾದರೆ ಮಾತ್ರೆ ಸಾಲದು. ಉಂಗುರ, ಕ್ಲಿಪ್ ಅಥವಾ ಕೃತಕ ಕವಾಟ ಬೇಕಾಗುತ್ತದೆ. ಯಾವುದು ಹೊಂದುತ್ತದೆ ಎಂಬುದು ಮುಖ್ಯವಾಗಿ ಸೋರಿಕೆಯ ಕಾರಣವನ್ನು ಅವಲಂಬಿಸಿದೆ.

1. ಲಕ್ಷಣ ಗುರುತಿಸುವುದು

ತೋಟದ ಏರು ಹತ್ತುವಾಗ ಮೊದಲಿಲ್ಲದ ಏದುಸಿರು, ಅಂಗಾತ ಮಲಗಿದರೆ ಉಸಿರು ಕಟ್ಟಿ ಎರಡು-ಮೂರು ದಿಂಬು ಬೇಕಾಗುವುದು, ಎದೆ ಡವಗುಟ್ಟುವುದು, ಪಾದ ಊದಿ ಬೆರಳಿನಿಂದ ಒತ್ತಿದಲ್ಲಿ ಗುಳಿ ಬೀಳುವುದು ಮುಖ್ಯ ಲಕ್ಷಣಗಳು. ಮಳೆಗಾಲದ ಥಂಡಿ, ಉಬ್ಬಸವೆಂದು ಇವನ್ನು ತಳ್ಳಿಹಾಕಬಾರದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರು ಸ್ಟೆತಾಸ್ಕೋಪ್ ಇಟ್ಟಾಗ ಕೇಳುವ ‘ಮರ್ಮರ್’ ಸದ್ದೇ ಮೊದಲ ಸುಳಿವು.

2. ಎಕೋ ಮಾಡಿಸುವುದು

ಸೋರಿಕೆಯ ಪ್ರಮಾಣ ತಿಳಿಯುವುದು ಎಕೋದಿಂದ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಿಂದ. ವರದಿಯಲ್ಲಿ ಮೂರು ಸಂಗತಿ ಕೇಳಿ ತಿಳಿಯಬೇಕು: ಸೋರಿಕೆ ಮೈಲ್ಡ್, ಮಾಡರೇಟ್, ಸಿವಿಯರ್‌ಗಳಲ್ಲಿ ಯಾವ ಹಂತದ್ದು, ಹೃದಯದ ಪಂಪಿಂಗ್ ಶೇಕಡಾ ಎಷ್ಟು, ಕಾರಣವೇನು. ಬಾಲ್ಯದ ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಎಸಳು ದಪ್ಪಗಾಗಿರಬಹುದು, ಎಸಳು ಹಿಡಿದ ದಾರ ಹರಿದಿರಬಹುದು, ಅಥವಾ ಹೃದಯಾಘಾತದ ನಂತರ ಹೃದಯ ಹಿಗ್ಗಿ ಕವಾಟದ ಬಾಯಿ ಅಗಲವಾಗಿರಬಹುದು. ಹೆಚ್ಚಿನ ವಿವರ ಬೇಕಿದ್ದರೆ ಅನ್ನನಾಳಕ್ಕೆ ನಳಿಕೆ ಇಳಿಸಿ ಎಕೋ ಮಾಡುತ್ತಾರೆ. ಅದಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು.

3. ಸಾಧನಗಳನ್ನು ತಿಳಿಯುವುದು

ಉಂಗುರ: ಹಿಗ್ಗಿದ ಕವಾಟದ ಬಾಯಿಯ ಸುತ್ತ ಹೊಲಿದು ಅದನ್ನು ಕಿರಿದಾಗಿಸುತ್ತಾರೆ. ಫ್ರಾನ್ಸಿನ ಅಲೆನ್ ಕಾರ್ಪೆಂಟಿಯರ್ 1960ರ ದಶಕದ ಕೊನೆಯಲ್ಲಿ ರೂಪಿಸಿದ ವಿಧಾನವಿದು. ಹರಿದ ದಾರದ ಜಾಗದಲ್ಲಿ ಕೃತಕ ದಾರವನ್ನೂ ಕಟ್ಟಬಹುದು. ಇದಕ್ಕೆ ಶಸ್ತ್ರಚಿಕಿತ್ಸೆ ಬೇಕು. ರೋಗಿಯದೇ ಕವಾಟ ಉಳಿಯುವುದು ಇದರ ಲಾಭ.

ಕ್ಲಿಪ್: ಇಟಲಿಯ ಒಟ್ಟಾವಿಯೊ ಅಲ್ಫಿಯೇರಿ 1991ರಲ್ಲಿ ಎರಡೂ ಎಸಳುಗಳನ್ನು ನಡುವೆ ಸೇರಿಸಿ ಹೊಲಿದು ಸೋರಿಕೆ ತಗ್ಗಿಸಿದರು. ಅದೇ ತತ್ತ್ವದ ಮೈಟ್ರಾಕ್ಲಿಪ್ ಅನ್ನು ಮೊದಲು ರೋಗಿಗೆ ಅಳವಡಿಸಿದ್ದು 2003ರಲ್ಲಿ. ತೊಡೆಸಂದಿನ ರಕ್ತನಾಳದಿಂದ ಕ್ಲಿಪ್ ಒಯ್ದು, ಎರಡೂ ಎಸಳುಗಳ ಅಂಚು ಕಚ್ಚಿಸುತ್ತಾರೆ, ಎದೆ ತೆರೆಯುವುದಿಲ್ಲ. ಶಸ್ತ್ರಚಿಕಿತ್ಸೆ ತಾಳಲಾರದ ಹಿರಿಯರಿಗೆ ಇದು ಉಪಯುಕ್ತ. ರುಮ್ಯಾಟಿಕ್ ಕಾರಣದಿಂದ ಎಸಳು ಗಡುಸಾಗಿ ಕವಾಟ ಕಿರಿದಾಗಿದ್ದರೆ ಸಾಮಾನ್ಯವಾಗಿ ಹೊಂದದು, ಏಕೆಂದರೆ ಕ್ಲಿಪ್ ಕವಾಟದ ಬಾಯಿಯನ್ನು ಇನ್ನಷ್ಟು ಕಿರಿದಾಗಿಸುತ್ತದೆ.

ಕೃತಕ ಕವಾಟ: ದುರಸ್ತಿ ಸಾಧ್ಯವಿಲ್ಲದಾಗ ಕವಾಟವನ್ನೇ ಬದಲಿಸುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡು 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ಅಳವಡಿಸಿದ ಚಿತ್ರಾ ಕವಾಟ ಯಾಂತ್ರಿಕ ಬಗೆಯದು. ಯಾಂತ್ರಿಕ ಕವಾಟ ಬಹುಕಾಲ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವಮಾನವಿಡೀ ವಾರ್ಫರಿನ್ ಮಾತ್ರೆ ಬೇಕು. ಹಸು ಅಥವಾ ಹಂದಿಯ ಅಂಗಾಂಶದ ಕವಾಟಕ್ಕೆ ಆ ಕಟ್ಟುಪಾಡು ಕಡಿಮೆ. ಆದರೆ ಅದು ಸಾಮಾನ್ಯವಾಗಿ 10-15 ವರ್ಷಗಳಲ್ಲಿ ಸವೆಯುತ್ತದೆ. ಪ್ರಾಣಿಯ ಅಂಗಾಂಶಕ್ಕೆ ಆಕ್ಷೇಪವಿದ್ದರೆ ಮೊದಲೇ ಹೇಳಬೇಕು. ಮುಂದೆ ಮಕ್ಕಳು ಬೇಕೆನ್ನುವ ಹೆಣ್ಣುಮಕ್ಕಳು ಅದನ್ನೂ ತಿಳಿಸಬೇಕು. ವಾರ್ಫರಿನ್ ಗರ್ಭಕ್ಕೆ ಹಾನಿ ಮಾಡಬಲ್ಲದು.

4. ಆಸ್ಪತ್ರೆ ಮತ್ತು ಹಣ

ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆ, ಆಗುಂಬೆ ಘಾಟಿ ಇಳಿದರೆ ಮಣಿಪಾಲದ ಕಸ್ತೂರಬಾ ಆಸ್ಪತ್ರೆ ಕೊಪ್ಪ, ಶೃಂಗೇರಿ ಸುತ್ತಲಿನವರಿಗೆ ಲಭ್ಯ. ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು ಸಿಗುತ್ತದೆ. ಪಡಿತರ ಚೀಟಿ, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಜೊತೆಗಿರಬೇಕು. ಕ್ಲಿಪ್ ಬೆಲೆ ಲಕ್ಷಗಳಲ್ಲಿದೆ. ಅದು ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ದಾಖಲಾಗುವ ಮುನ್ನವೇ ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರಲ್ಲಿ ವಿಚಾರಿಸಬೇಕು.

5. ಮನೆಗೆ ಮರಳಿದ ಮೇಲೆ

ಯಾಂತ್ರಿಕ ಕವಾಟ ಹಾಕಿಸಿಕೊಂಡವರು ವೈದ್ಯರು ಹೇಳಿದ ಅವಧಿಗೆ, ರಕ್ತ ಹೆಪ್ಪುಗಟ್ಟಲು ತಗಲುವ ಸಮಯವನ್ನು ಅಳೆಯುವ ಐಎನ್‌ಆರ್ ರಕ್ತಪರೀಕ್ಷೆ ಮಾಡಿಸಬೇಕು. ಮೈಟ್ರಲ್ ಜಾಗದಲ್ಲಿ ಅದು ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು. ಬಸಳೆ, ಹರಿವೆಯಂಥ ಸೊಪ್ಪನ್ನು ಬಿಡಬೇಕಿಲ್ಲ. ಆದರೆ ಒಂದು ವಾರ ದಿನವೂ ತಿಂದು ಮರುವಾರ ಪೂರ್ತಿ ನಿಲ್ಲಿಸಿದರೆ ಐಎನ್‌ಆರ್ ಏರುಪೇರಾಗುತ್ತದೆ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ, ನಾಟಿ ಔಷಧಿ ಸಲ್ಲ. ಘಾಟಿಯಲ್ಲಿ ಗುಡ್ಡ ಕುಸಿದರೆ ದಾರಿ ಕಟ್ಟುವುದರಿಂದ ಜೂನ್‌ಗೆ ಮೊದಲೇ ಮಾತ್ರೆ ದಾಸ್ತಾನು ಮಾಡಿಕೊಳ್ಳಬೇಕು.

ಎಲೆ-ಅಡಿಕೆ ಹಾಕುವವರು ವಸಡಿನ ಬಗ್ಗೆ ಜಾಗ್ರತೆ ವಹಿಸಬೇಕು, ಬಾಯಿಯ ಸೋಂಕು ರಕ್ತದ ಮೂಲಕ ಕವಾಟಕ್ಕೆ ಹತ್ತಬಲ್ಲದು. ಹಲ್ಲು ಕೀಳಿಸುವ ಮುನ್ನ ಆಸ್ಪತ್ರೆ ಕೊಟ್ಟ ಸಾಧನದ ಕಾರ್ಡ್ ತೋರಿಸಿ ಆ್ಯಂಟಿಬಯೋಟಿಕ್ ಪಡೆಯಬೇಕು. ಎಂಆರ್‌ಐ ಮಾಡಿಸುವಾಗಲೂ ಅದೇ ಕಾರ್ಡ್ ಬೇಕು. ರುಮ್ಯಾಟಿಕ್ ಜ್ವರ ಬಂದವರು ಮೂರು ವಾರಕ್ಕೊಮ್ಮೆಯ ಪೆನ್ಸಿಲಿನ್ ಚುಚ್ಚುಮದ್ದನ್ನು ವೈದ್ಯರು ಹೇಳುವವರೆಗೆ ನಿಲ್ಲಿಸಬಾರದು.

ಬಿಡದ ಜ್ವರ, ಕಪ್ಪು ಮಲ, ಎರಡು-ಮೂರು ದಿನದಲ್ಲಿ ಎರಡು ಕಿಲೋ ತೂಕ ಏರುವುದು ಕಂಡರೆ ಕೂಡಲೇ ವೈದ್ಯರನ್ನು ಕಾಣಬೇಕು. ಉಸಿರು ಕಟ್ಟಿದರೆ, ಬಾಯಿ ಸೊಟ್ಟಗಾದರೆ ಅಥವಾ ಕೈಕಾಲಿನ ಸ್ವಾಧೀನ ತಪ್ಪಿದರೆ 108ಕ್ಕೆ ಕರೆ ಮಾಡಬೇಕು.