ಮೊದಲು ಕೂರುವುದನ್ನು ಕಲಿ

ಪುಟ್ಟಿ,

ನೀನು ಹೊಸ ಹೈಸ್ಕೂಲಿನಲ್ಲಿ ಖೋ-ಖೋ ತಂಡಕ್ಕೆ ಸೇರಿದ್ದೀಯ ಎಂದು ನಿಮ್ಮಮ್ಮ ಮೊನ್ನೆ ಫೋನಿನಲ್ಲಿ ಹೇಳಿದಳು. ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಒಂಬತ್ತನೇ ಕ್ಲಾಸಿಗೆ ಬಂದಮೇಲೆ ಹೊಸ ಆಟಕ್ಕೆ ಇಳಿಯುವುದು, ಅದೂ ಐದನೇ ಕ್ಲಾಸಿನಿಂದ ಒಟ್ಟಿಗೆ ಆಡಿಕೊಂಡು ಬಂದಿರುವ ಹುಡುಗಿಯರ ನಡುವೆ ಹೋಗಿ ನಿಲ್ಲುವುದು, ಧೈರ್ಯದ ಕೆಲಸ. ಮೊದಲ ವಾರ ನಿನಗೆ ಯಾರೂ ಸರಿಯಾಗಿ ಖೋ ಕೊಡಲಿಲ್ಲವಂತೆ, 'ಸುಮ್ಮನೆ ಕೂತುಕೊಳ್ಳೋದೇ ಆಯ್ತು' ಎಂದು ಸಪ್ಪಗಿದ್ದೀಯಂತೆ. ಆ ಮಾತು ಕೇಳಿದಮೇಲೆ ಈ ಕಾಗದ ಬರೆಯಲೇಬೇಕು ಅನ್ನಿಸಿತು. ನಿನ್ನ ಅಜ್ಜಿ ಸರ್ಕಾರಿ ಹೈಸ್ಕೂಲುಗಳಲ್ಲಿ ಪಿ.ಟಿ. ಟೀಚರಾಗಿ ಸರ್ವಿಸು ಮುಗಿಸಿದವಳು. ಪ್ರೀತಿಯ ಜೊತೆ ಸ್ವಲ್ಪ ಪಾಠವೂ ಬರುತ್ತದೆ.

ಇಲ್ಲಿಯವರೆಗೆ ನೀನು ಆಡಿದ್ದು ಬ್ಯಾಡ್ಮಿಂಟನ್. ಅದು ಒಳ್ಳೆಯ ಆಟವೇ. ಆದರೆ ಅಲ್ಲಿ ಶಟಲ್ ಬಂದರೆ ನೀನೇ ಹೊಡೆಯಬೇಕು, ಪಾಯಿಂಟ್ ಬಂದರೂ ಹೋದರೂ ನಿನ್ನದೇ. ಖೋ-ಖೋದಲ್ಲಿ ಅಂಕಣಕ್ಕೆ ಇಳಿದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಕೂತಿರುತ್ತಾರೆ, ಎದ್ದು ಬೆನ್ನಟ್ಟುವವಳು ಒಬ್ಬಳೇ. ಹೊರಗಿನಿಂದ ನೋಡುವವರು ಆ ಒಬ್ಬಳನ್ನೇ ನೋಡುತ್ತಾರೆ. ಆಟ ಬಲ್ಲವರು ಕೂತ ಎಂಟು ಮಂದಿಯನ್ನೂ ನೋಡುತ್ತಾರೆ. ಯಾವ ಶಾಲೆಯ ತಂಡ ಗೆಲ್ಲುತ್ತದೆ ಎಂದು ನಾನು ಅಂದಾಜು ಮಾಡುತ್ತಿದ್ದದ್ದು ಅವರ ಓಟ ನೋಡಿಯಲ್ಲ, ಅವರು ಕೂತ ರೀತಿ ನೋಡಿ.

ಈಗ ಮೈದಾನವನ್ನು ಕಣ್ಣ ಮುಂದೆ ತಂದುಕೋ. ಎರಡು ತುದಿಗೆ ಎರಡು ಕಂಬ, ನಡುವೆ ಉದ್ದಕ್ಕೆ ಒಂದು ಪಟ್ಟಿ, ಆ ಪಟ್ಟಿಯ ಮೇಲೆ ಎಂಟು ಚೌಕ. ಕೂತವರಲ್ಲಿ ಒಬ್ಬಳು ಈ ಕಡೆ ಮುಖ ಮಾಡಿದರೆ ಪಕ್ಕದವಳು ಆ ಕಡೆ. ಬೆನ್ನಟ್ಟುವವಳು ನಡುಪಟ್ಟಿ ದಾಟುವಂತಿಲ್ಲ, ಒಂದು ದಿಕ್ಕು ಹಿಡಿದಮೇಲೆ ಕಂಬ ಸುತ್ತದೆ ಹಿಂದಕ್ಕೆ ತಿರುಗುವಂತಿಲ್ಲ. ತಪ್ಪಿಸಿಕೊಂಡು ಓಡುವ ಎದುರು ತಂಡದವಳಿಗೆ ಈ ಕಟ್ಟು ಯಾವುದೂ ಇಲ್ಲ. ಕೂತವರ ಸಂದಿಯಲ್ಲಿ ನುಸುಳಿ ಆ ಬದಿಗೆ ಹೋಗಿಬಿಡುತ್ತಾಳೆ. ಆಗ ನೀನು ಏನು ಮಾಡಬಲ್ಲೆ? ನಿನಗೆ ಬೆನ್ನು ಕೊಟ್ಟು ಕೂತ ಗೆಳತಿ ಆ ಬದಿಗೇ ಮುಖ ಮಾಡಿರುತ್ತಾಳೆ. ಅವಳ ಬೆನ್ನು ಮುಟ್ಟಿ ಖೋ ಎನ್ನಬೇಕು, ಅವಳು ಎದ್ದ ಚೌಕದಲ್ಲಿ ನೀನು ಕೂತುಬಿಡಬೇಕು. ಓಡುವವಳಿಗೆ ಅಷ್ಟು ಸ್ವಾತಂತ್ರ್ಯ, ಬೆನ್ನಟ್ಟುವವಳಿಗೆ ಇಷ್ಟು ಕಟ್ಟು. ಒಬ್ಬಳೇ ಎಷ್ಟು ಜೋರಾಗಿ ಓಡಿದರೂ ಹಿಡಿಯಲಾಗದ ಹಾಗೆ ಈ ಆಟವನ್ನು ಕಟ್ಟಿದ್ದಾರೆ. ಹಟ್ಟಿಯಿಂದ ತಪ್ಪಿಸಿಕೊಂಡ ಕರುವನ್ನು ಮನೆಮಂದಿಯೆಲ್ಲ ಸುತ್ತುಗಟ್ಟಿ ಹಿಡಿಯುವ ಹಾಗೆ ಹಿಡಿಯಬೇಕು.

ಆದ್ದರಿಂದ ಸುಮ್ಮನೆ ಕೂರುವುದು ಎಂಬುದು ಈ ಆಟದಲ್ಲಿ ಇಲ್ಲವೇ ಇಲ್ಲ. ನೆಲಕ್ಕೆ ಕುಂಡೆ ಊರಿ ಕೂತವಳು ಏಳುವ ಹೊತ್ತಿಗೆ ಓಡುವವಳು ಎರಡು ಚೌಕ ದಾಟಿರುತ್ತಾಳೆ. ಕುಕ್ಕರಗಾಲಿನಲ್ಲಿರು, ಹಿಮ್ಮಡಿ ಎತ್ತಿರಲಿ, ಭಾರವೆಲ್ಲ ಕಾಲಬೆರಳಿನ ಬುಡದ ಮೇಲೆ ಬರಲಿ, ಅಂಗೈ ಎರಡೂ ನೆಲಕ್ಕೆ ತಾಗಿರಲಿ. ಎರಡೂ ಪಾದ ಸಮನಾಗಿಟ್ಟು ಏಳುವವರಿದ್ದಾರೆ, ಒಂದು ಪಾದ ಹಿಂದಿಟ್ಟು ಚಿಮ್ಮುವವರಿದ್ದಾರೆ. ಯಾವುದು ನಿನ್ನ ಕಾಲಿಗೆ ಒಗ್ಗುತ್ತದೆ ಎಂದು ಎರಡನ್ನೂ ಮಾಡಿ ನೋಡು. ತಲೆ ಬಗ್ಗಿಸಬೇಡ. ಬೆನ್ನ ಹಿಂದೆ ಏನಾಗುತ್ತಿದೆ ಎನ್ನುವುದನ್ನು ಕಿವಿಯಿಂದ ತಿಳಿಯಬೇಕು, ಎದುರಿಗೆ ಓಡುವವಳ ಸೊಂಟ ಯಾವ ಕಡೆ ವಾಲುತ್ತಿದೆ ಎನ್ನುವುದನ್ನು ಕಣ್ಣಿನಿಂದ. ಕಾಲು ನೋಡಿದರೆ ಮೋಸಹೋಗುತ್ತೀಯ, ಸೊಂಟ ನೋಡು. ಖೋ ಬೀಳುವ ಮೊದಲು ಎದ್ದರೆ ಫೌಲ್. ಅಂಪೈರ್ ಸೀಟಿ ಊದಿ ಹಿಂದಕ್ಕೆ ಕಳಿಸುತ್ತಾರೆ, ಅಷ್ಟರಲ್ಲಿ ಓಡುವವಳು ಉಸಿರು ತಿರುಗಿಸಿಕೊಂಡಿರುತ್ತಾಳೆ. ಏಳಲು ಸಿದ್ಧಳಾಗಿದ್ದೂ ಏಳದೆ ಕಾಯುವುದೇ ಈ ಆಟದ ಕಷ್ಟವಾದ ಭಾಗ. ಅದನ್ನು ಮೊದಲು ಕಲಿ, ಓಟ ತಾನಾಗಿ ಬರುತ್ತದೆ.

ಖೋ ಕೊಡುವುದರ ಬಗ್ಗೆಯೂ ಹೇಳಬೇಕು. ಹೊಸಬರು ಬೆನ್ನಟ್ಟಿಕೊಂಡು ಹೋದರೆ ಬಿಡುವುದೇ ಇಲ್ಲ, ತಾವೇ ಮುಟ್ಟಬೇಕು ಅನ್ನುವ ಆಸೆ. ಆ ಆಸೆ ಸಹಜ. ಆದರೆ ಔಟ್ ಬರುವುದು ಕೊನೆಯಲ್ಲಿ ಮುಟ್ಟಿದವಳ ಕೈಯಿಂದಷ್ಟೇ ಅಲ್ಲ. ಅವಳಿಗಿಂತ ಮೂರು ಖೋ ಹಿಂದೆ ಯಾರೋ ಒಬ್ಬಳು ಓಡುವವಳನ್ನು ಕಂಬದ ಕಡೆಗೆ ತಿರುಗಿಸಿದ್ದಳು, ಇನ್ನೊಬ್ಬಳು ಸರಿಯಾದ ಹೊತ್ತಿಗೆ ಬಿಟ್ಟುಕೊಟ್ಟಿದ್ದಳು, ಮತ್ತೊಬ್ಬಳು ದಾರಿ ಅಡ್ಡಗಟ್ಟಿದ್ದಳು. ಸ್ಕೋರ್ ಶೀಟಿನಲ್ಲಿ ಅವರ ಹೆಸರು ಇರುವುದಿಲ್ಲ. ನಿನ್ನ ತಂಡದವರು ಮಾತ್ರ ಮರೆಯುವುದಿಲ್ಲ. ನಿನಗೆ ಯಾರೂ ಖೋ ಕೊಡುತ್ತಿಲ್ಲ ಎನ್ನುವ ಸಂಕಟಕ್ಕೂ ಇದೇ ಮದ್ದು. ನೀನು ಹೊತ್ತಿಗೆ ಸರಿಯಾಗಿ ಬಿಟ್ಟುಕೊಡುವವಳು ಎಂದು ಗೊತ್ತಾದರೆ ಅವರೂ ನಿನಗೆ ಕೊಡುತ್ತಾರೆ. ನಿನಗೆ ಖೋ ಕೊಡದ ಹುಡುಗಿಯರು ಕೆಟ್ಟವರಲ್ಲ. ನೀನು ಎಷ್ಟು ಬೇಗ ಏಳುತ್ತೀಯ ಎನ್ನುವುದು ಅವರಿಗೆ ಇನ್ನೂ ಗೊತ್ತಿಲ್ಲ.

ಮತ್ತೆ, ಖೋ ಎನ್ನುವುದನ್ನು ಜೋರಾಗಿ ಅನ್ನು. ಕೈಯೂ ದನಿಯೂ ಒಟ್ಟಿಗೆ ತಲುಪಬೇಕು, ಅಂಪೈರಿಗೂ ಕೇಳಬೇಕು. ನನ್ನ ಸರ್ವಿಸಿನಲ್ಲಿ ಹುಡುಗಿಯರಿಗೆ ಓಡಲು, ಬೀಳಲು, ಡೈವ್ ಹೊಡೆಯಲು ಕಲಿಸುವುದಕ್ಕಿಂತ ಕೂಗಲು ಕಲಿಸುವುದು ಕಷ್ಟವಾಗುತ್ತಿತ್ತು. ಮನೆಯಲ್ಲಿ ಮೆತ್ತಗೆ ಮಾತಾಡು, ನಗುವಾಗ ಬಾಯಿ ಮುಚ್ಚಿಕೋ ಎಂದು ಕೇಳಿ ಬೆಳೆದ ಮಕ್ಕಳು. ಮೊದಲ ತಿಂಗಳು ಪಿಸುಗುಟ್ಟುತ್ತಿದ್ದ ಹುಡುಗಿ ದಸರಾ ರಜೆಯ ಹೊತ್ತಿಗೆ ಶಾಲೆಯ ಕಾಂಪೌಂಡು ದಾಟುವ ಹಾಗೆ ಖೋ ಎನ್ನುವುದನ್ನು ಕೇಳಿದಾಗ ನನಗೆ ಆಗುತ್ತಿದ್ದ ಹಿಗ್ಗು ಯಾವ ಕಪ್ಪು, ಶೀಲ್ಡು ಬಂದಾಗಲೂ ಆಗಿದ್ದಿಲ್ಲ. ನಿನ್ನ ದನಿ ಸಣ್ಣದು ಎಂದು ನನಗೆ ಗೊತ್ತು. ಮಹಡಿ ಮೇಲೆ ಹೋಗಿ ಅಭ್ಯಾಸ ಮಾಡು. ಅಕ್ಕಪಕ್ಕದವರು ಕೇಳಿದರೆ ಅಜ್ಜಿ ಹೇಳಿದ್ದಾರೆ ಎನ್ನು.

ಪಂದ್ಯಕ್ಕೆ ಹೆಸರು ಕೊಡುವಾಗ ಅಂಕಣದ ಒಂಬತ್ತರಲ್ಲಿ ನಿನ್ನ ಹೆಸರು ಈ ವರ್ಷ ಬಾರದೆ ಇರಬಹುದು. ಹೊರಗೆ ಕೂತ ಹೆಚ್ಚುವರಿ ಆಟಗಾರ್ತಿಯರಲ್ಲಿ ಒಬ್ಬಳಾಗಿರುತ್ತೀಯ. ಅಲ್ಲಿ ಕೂತು ಮೊಬೈಲ್ ನೋಡುವವರನ್ನು ನಾನು ಕಂಡಿದ್ದೇನೆ. ನೀನು ಹಾಗೆ ಮಾಡಬೇಡ. ಎದುರು ತಂಡದಲ್ಲಿ ಮೂರು ಮೂರು ಮಂದಿಯ ಬ್ಯಾಚ್ ಮಾಡಿ ಓಡಲು ಬಿಡುತ್ತಾರಲ್ಲ, ಮೊದಲ ಬ್ಯಾಚಿನಲ್ಲಿ ಯಾರು, ಯಾವಳು ಕೂತವರ ಸಂದಿಯಲ್ಲೇ ಹೆಣಿಗೆ ಹಾಕುತ್ತ ಓಡುತ್ತಾಳೆ, ಯಾವಳು ಕಂಬದ ಹತ್ತಿರವೇ ಸುತ್ತುತ್ತಾಳೆ, ಯಾರಿಗೆ ಎಡಗಡೆ ತಿರುಗಲು ಬರುವುದಿಲ್ಲ, ಇದೆಲ್ಲ ನೋಡಿ ನಿಮ್ಮ ಕ್ಯಾಪ್ಟನ್ನಿಗೆ ಹೇಳು. ಒಳಗೆ ಓಡುತ್ತಿರುವವರಿಗೆ ಇದು ಕಾಣುವುದಿಲ್ಲ. ದೊಡ್ಡವರ ಪಂದ್ಯದಲ್ಲಿ ಒಂದು ಸರದಿ 9 ನಿಮಿಷ. ಅಷ್ಟರಲ್ಲಿ ಒಬ್ಬ ಓಟಗಾರ್ತಿಯ ರೂಢಿ ಅರ್ಥ ಮಾಡಿಕೊಂಡವಳು ತಂಡಕ್ಕೆ ಎರಡು ಔಟು ತಂದುಕೊಟ್ಟ ಹಾಗೆಯೇ.

ಮೈ ನೋವಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲ ತಿಂಗಳು ತೊಡೆ ನೋಯುತ್ತದೆ, ಮೊಳಕಾಲ ಕೆಳಗಿನ ಮೂಳೆಯೂ ನೋಯಬಹುದು. ತೊಡೆನೋವು ಹೋಗುತ್ತದೆ, ಮೂಳೆ ನೋವು ದಿನೇದಿನೇ ಹೆಚ್ಚಾದರೆ ಮುಚ್ಚಿಡದೆ ಟೀಚರಿಗೆ ಹೇಳಿ ಓಟ ನಿಲ್ಲಿಸು. ಡೈವನ್ನು ಮರಳಿನಲ್ಲೋ ಮ್ಯಾಟಿನಲ್ಲೋ ಕಲಿಯುವ ಮುಂಚೆ ಗಟ್ಟಿ ನೆಲದಲ್ಲಿ ಹೊಡೆಯಬೇಡ. ತರಚಿದ ಗಾಯವನ್ನು ಸೋಪು ನೀರಿನಲ್ಲಿ ತೊಳಿ. ಧನುರ್ವಾಯುವಿನ ಇಂಜೆಕ್ಷನ್ ಸರ್ಕಾರದ ಲಸಿಕೆ ಪಟ್ಟಿಯಲ್ಲಿ 10 ಮತ್ತು 16ನೇ ವಯಸ್ಸಿಗೆ ಇದೆ. ಹತ್ತರದ್ದು ನಿನಗೆ ಆಗಿದೆಯೇ ಎಂದು ಅಮ್ಮನನ್ನು ಕೇಳು. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತಾರಲ್ಲ, ಅದನ್ನು ಕಿಟಕಿಯಾಚೆ ಎಸೆಯಬೇಡ. ಮೈದಾನದಲ್ಲಿ ತಲೆಸುತ್ತಿ ಕೂತ ಎಷ್ಟೋ ಮಕ್ಕಳಿಗೆ ಬೇರೆ ಯಾವ ರೋಗವೂ ಇರಲಿಲ್ಲ, ರಕ್ತ ಕಮ್ಮಿ ಇತ್ತು ಅಷ್ಟೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಭ್ಯಾಸಕ್ಕೆ ಹೋಗದೆ ಒಂದು ಲೋಟ ರಾಗಿ ಗಂಜಿ ಕುಡಿದು ಹೋಗು. ಮುಟ್ಟಿನ ದಿನ ಆಡಬೇಕೆನಿಸಿದರೆ ಆಡು, ಆಗದಿದ್ದರೆ ಟೀಚರಿಗೆ ನೇರವಾಗಿ ಹೇಳು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನಿಮ್ಮಮ್ಮನಿಗೆ ಎರಡು ಚಿಂತೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಅನ್ನುವುದು ಒಂದು, ಬಿಸಿಲಿನಲ್ಲಿ ಆಡಿ ಕಪ್ಪಾಗುತ್ತೀಯ ಅನ್ನುವುದು ಇನ್ನೊಂದು. ಮೊದಲನೆಯದು ನ್ಯಾಯವಾದ ಚಿಂತೆ. ಸಂಜೆ ಒಂದು ಗಂಟೆ ಆಡಿ ಬಂದು ಪುಸ್ತಕ ಹಿಡಿಯುತ್ತೇನೆ ಎಂದು ಅವಳಿಗೆ ಮಾತು ಕೊಡು, ಕೊಟ್ಟಮೇಲೆ ಉಳಿಸಿಕೋ. ಎರಡನೆಯದನ್ನು ನಾನು ಒಪ್ಪುವುದಿಲ್ಲ, ಅವಳಿಗೂ ಬೇರೆ ಕಾಗದ ಬರೆಯುತ್ತೇನೆ. ಎಂಟು, ಒಂಬತ್ತನೇ ಕ್ಲಾಸಿಗೆ ಬರುತ್ತಿದ್ದ ಹಾಗೆ ನನ್ನ ಒಳ್ಳೊಳ್ಳೆಯ ಆಟಗಾರ್ತಿಯರನ್ನು ಮನೆಯವರು ಬಿಡಿಸಿದ್ದು ಇದೇ ಮಾತು ಹೇಳಿ. ಕಪ್ಪಾಗುತ್ತಾಳೆ, ಕೈಕಾಲು ಮುರಿದುಕೊಂಡರೆ ಮದುವೆಗೆ ಕಷ್ಟ, ಅಷ್ಟು ಹೊತ್ತು ಹೊರಗಿರುವುದು ಚೆನ್ನಾಗಿರುವುದಿಲ್ಲ. ಅವರು ಬಿಟ್ಟುಹೋದಾಗ ತಂಡದಲ್ಲಿ ಒಂದು ಚೌಕ ಖಾಲಿಯಾಗುತ್ತಿತ್ತು ಅಷ್ಟೇ ಅಲ್ಲ, ಉಳಿದ ಹುಡುಗಿಯರ ಮನೆಯಲ್ಲೂ ಅದೇ ಮಾತು ಶುರುವಾಗುತ್ತಿತ್ತು. ನೀನು ದಿನಾ ಮೈದಾನಕ್ಕೆ ಹೋದರೆ ನಿನ್ನ ಹಿಂದಿನ ಚೌಕದವಳಿಗೂ ಮನೆಯಲ್ಲಿ ಕೇಳಲು ಒಂದು ಧೈರ್ಯ ಬರುತ್ತದೆ.

ಹೆಂಗಸರ ಖೋ-ಖೋ ಇವತ್ತು ನಿನ್ನೆಯದಲ್ಲ. ಗಂಡಸರ ಮೊದಲ ರಾಷ್ಟ್ರೀಯ ಪಂದ್ಯಾವಳಿ 1959-60ರಲ್ಲಿ ವಿಜಯವಾಡದಲ್ಲಿ ನಡೆಯಿತು, ಮರುವರ್ಷವೇ ಕೊಲ್ಲಾಪುರದಲ್ಲಿ ಹೆಂಗಸರಿಗೂ ಆಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ನಡೆದಾಗ ನಮ್ಮ ಹುಡುಗಿಯರು ಫೈನಲ್ಲಿನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ನಮ್ಮ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವಳು. ಗಂಡಸರ ತಂಡವೂ ನೇಪಾಳವನ್ನೇ 54-36ರಿಂದ ಗೆದ್ದಿತು, ಅದರಲ್ಲಿ ಕರ್ನಾಟಕದ ಗೌತಮ್ ಇದ್ದ. ನಾನು ಟಿ.ವಿ. ಮುಂದೆ ಕೂತು ಕಣ್ಣು ಒರೆಸಿಕೊಂಡೆ. ದೊಡ್ಡ ಕ್ರೀಡಾಂಗಣವಿಲ್ಲದ, ಸುಣ್ಣದ ಗೆರೆ ಎಳೆದರೆ ಆಟ ಶುರುವಾಗುವ ಊರಿನಿಂದ ಒಬ್ಬ ಹುಡುಗಿ ಅಲ್ಲಿಗೆ ಹೋಗಿ ನಿಂತಿದ್ದಳು.

ನೀನು ಅಲ್ಲಿಗೆ ಹೋಗಬೇಕು ಎಂದು ನಾನು ಹೇಳುತ್ತಿಲ್ಲ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಬಹಳ ಇವೆ, ಹೆಚ್ಚಿನ ತಂಡಗಳು ತಾಲ್ಲೂಕಿನಲ್ಲೇ ಸೋತು ಬರುತ್ತವೆ. ನಿಮ್ಮ ತಂಡವೂ ಸೋಲಬಹುದು. ಸೋತ ದಿನ ವ್ಯಾನಿನಲ್ಲಿ ವಾಪಸು ಬರುವಾಗ ಯಾರ ತಪ್ಪು ಎಂದು ಎಣಿಸುವ ಗುಂಪಿಗೆ ಸೇರಬೇಡ, ಅಳುತ್ತಿರುವವಳ ಪಕ್ಕ ಹೋಗಿ ಕೂರು. ಸಿ.ಇ.ಟಿ.ಯಲ್ಲಿ ಕ್ರೀಡಾ ಕೋಟಾ ಸಿಗುತ್ತದೆ ಎಂದು ಆಡುವವರೂ ಇದ್ದಾರೆ. ಸಿಕ್ಕರೆ ಒಳ್ಳೆಯದು. ಆದರೆ ಆ ಲೆಕ್ಕ ಇಟ್ಟುಕೊಂಡು ಬಂದ ಮಕ್ಕಳು ಮೊದಲ ಸೋಲಿಗೇ ಬಿಟ್ಟುಹೋಗುವುದನ್ನು ನೋಡಿದ್ದೇನೆ. ಆಟ ಇಷ್ಟವಾದರೆ ಆಡು.

ದಸರಾ ರಜೆಗೆ ನಮ್ಮೂರಿಗೆ ಬಾ. ಶಾಲೆಯ ಮೈದಾನ ಖಾಲಿ ಇರುತ್ತದೆ, ಬೀದಿಯ ಹುಡುಗಿಯರನ್ನೆಲ್ಲ ಕೂಡಿಸುತ್ತೇನೆ. ನನಗೆ ಈಗ ಓಡಲು ಆಗುವುದಿಲ್ಲ. ನೀನು ಕೂರುವ ರೀತಿ ತಿದ್ದಲು ಆಗುತ್ತದೆ. ಅದಕ್ಕೂ ಮುಂಚೆ ಒಂದು ಕಾಗದ ಬರಿ. ಟೀಚರು ನಿನ್ನನ್ನು ಎಷ್ಟನೆಯ ಚೌಕದಲ್ಲಿ ಕೂರಿಸುತ್ತಾರೆ, ನಿನ್ನ ಮುಖ ಯಾವ ಕಡೆಗೆ, ನಿನಗೆ ಮೊದಲು ಖೋ ಕೊಟ್ಟವಳ ಹೆಸರೇನು, ಇಷ್ಟನ್ನು ತಪ್ಪದೆ ತಿಳಿಸು.

ಇಂತಿ,
ನಿನ್ನ ಪ್ರೀತಿಯ ಅಜ್ಜಿ