ಹಸುಳೆಗಳ ಶಸ್ತ್ರವೈದ್ಯರು

ಹುಟ್ಟಿದ ಕೂಸು ಮೊದಲು ಅಳುತ್ತದೆ. ಬಳಿಕ ತಾಯಿಯ ಹಾಲಿಗಾಗಿ ಬಾಯಿ ತೆರೆಯುತ್ತದೆ. ಆದರೆ ಮೂರು ನಾಲ್ಕು ಸಾವಿರ ಕೂಸುಗಳಲ್ಲಿ ಒಂದರ ಪಾಲಿಗೆ ಆ ಹಾಲೇ ಮೃತ್ಯುವಾಗುತ್ತದೆ. ಅಂಥ ಕೂಸಿನ ಅನ್ನನಾಳ ನಡುದಾರಿಯಲ್ಲಿಯೇ ಮುಚ್ಚಿಹೋಗಿರುತ್ತದೆ. ಅದರ ಕೆಳಗಿನ ತುಂಡು ಸಾಮಾನ್ಯವಾಗಿ ಶ್ವಾಸನಾಳಕ್ಕೆ ಕೂಡಿಕೊಂಡಿರುತ್ತದೆ. ಕುಡಿದ ಹಾಲು ಹೊಟ್ಟೆಗೆ ಇಳಿಯದೆ ಉಕ್ಕಿ ಶ್ವಾಸಕೋಶವನ್ನು ಸೇರುತ್ತದೆ. ಜಠರದ ಆಮ್ಲರಸವೂ ಮೇಲೇರಿ ಅಲ್ಲಿಗೇ ನುಗ್ಗುತ್ತದೆ. ಹಸಿದ ಕೂಸಿಗೆ ಹಾಲೂಡಿಸಿದಷ್ಟೂ ಅದರ ಉಸಿರು ಕಟ್ಟುತ್ತದೆ.

ಈ ನ್ಯೂನತೆಯನ್ನು ಥಾಮಸ್ ಗಿಬ್ಸನ್ ಎಂಬ ಇಂಗ್ಲಿಷ್ ವೈದ್ಯರು 1697ರಷ್ಟು ಹಿಂದೆಯೇ ವರ್ಣಿಸಿ ಬರೆದಿದ್ದರು. ಆದರೆ ರೋಗವನ್ನು ಬಲ್ಲೆವೆಂದ ಮಾತ್ರಕ್ಕೆ ರೋಗಿ ಬದುಕುವುದಿಲ್ಲ. ಮುಂದಿನ ಎರಡು ಶತಮಾನಗಳಿಗೂ ಮೀರಿದ ಕಾಲ ವೈದ್ಯರು ಇಂಥ ಕೂಸುಗಳ ಬಳಿ ಕೈಕಟ್ಟಿ ನಿಲ್ಲಬೇಕಾಯಿತು. 1939ರಲ್ಲಿ ಅಮೆರಿಕದ ಇಬ್ಬರು ಶಸ್ತ್ರವೈದ್ಯರು, ಬೇರೆ ಬೇರೆಯಾಗಿ, ಹಲವು ಹಂತಗಳ ಚಿಕಿತ್ಸೆಯಿಂದ ಇಂಥ ಕೂಸುಗಳನ್ನು ಮೊದಲ ಬಾರಿಗೆ ಉಳಿಸಿಕೊಂಡರು. 1941ರಲ್ಲಿ ಮಿಷಿಗನ್ ಪ್ರಾಂತದ ಕ್ಯಾಮರಾನ್ ಹೈಟ್ ಎಂಬುವರು ಅನ್ನನಾಳದ ಎರಡು ತುದಿಗಳನ್ನೂ ನೇರವಾಗಿ ಜೋಡಿಸಿ ಹೊಲಿದರು. ಆ ಕೂಸು ಬದುಕಿತು.

ಒಂದು ಊರಿನಲ್ಲಿ ಒಂದು ಕೂಸು ಬದುಕಿತು; ಸಂತೋಷದ ಸಂಗತಿಯೇ. ಆದರೆ ಆ ಅರಿವು ಅದೇ ಊರಿನಲ್ಲಿ ಉಳಿದರೆ ಬೇರೆ ಊರುಗಳಲ್ಲಿ ಹುಟ್ಟುವ ಕೂಸುಗಳ ಗತಿಯೇನು? ಒಬ್ಬ ವೈದ್ಯನ ಜೀವಮಾನದಲ್ಲಿ ಇಂಥ ನ್ಯೂನತೆಯ ಕೂಸುಗಳು ಕೆಲವೇ ಕೆಲವು ಕಣ್ಣಿಗೆ ಬೀಳುತ್ತವೆ. ಒಬ್ಬನೇ ಎಲ್ಲವನ್ನೂ ತಾನೇ ಕಲಿಯಹೊರಟರೆ ಕಲಿಯುವಷ್ಟರಲ್ಲಿ ಎಷ್ಟೋ ಜೀವಗಳು ಹೋಗಿರುತ್ತವೆ. ಮಕ್ಕಳ ಶಸ್ತ್ರವೈದ್ಯರು ಸಂಘ ಕಟ್ಟಿಕೊಳ್ಳಬೇಕಾದ ಕಾರಣ ಇಲ್ಲಿದೆ.

ಅದಕ್ಕೆ ಮೊದಲು ಇನ್ನೊಂದು ಅಡ್ಡಿಯನ್ನು ದಾಟಬೇಕಾಗಿತ್ತು. ದೊಡ್ಡವರಿಗೆ ಶಸ್ತ್ರಚಿಕಿತ್ಸೆ ಮಾಡುವವರು ಮಕ್ಕಳಿಗೂ ಮಾಡಬಲ್ಲರೆಂಬುದು ಅಂದಿನ ಸಾಮಾನ್ಯ ಭಾವನೆಯಾಗಿತ್ತು. ಆದರೆ ಮಗುವೆಂದರೆ ಕಿರಿದು ಮಾಡಿದ ದೊಡ್ಡ ಮನುಷ್ಯನಲ್ಲ. ಮೂರು ಕಿಲೋಗ್ರಾಂ ತೂಗುವ ಕೂಸಿನ ಮೈಯಲ್ಲಿರುವ ರಕ್ತ ಸುಮಾರು 240 ಮಿಲಿಲೀಟರು. ಅಂದರೆ ಒಂದು ಲೋಟದಷ್ಟು. ದೊಡ್ಡವರಲ್ಲಿ ಲೆಕ್ಕಕ್ಕೆ ಬಾರದ 50 ಮಿಲಿಲೀಟರು ರಕ್ತ ಹರಿದುಹೋದರೆ, ಕೂಸು ತನ್ನ ರಕ್ತದಲ್ಲಿ ಐದನೆಯ ಒಂದು ಪಾಲನ್ನೇ ಕಳೆದುಕೊಳ್ಳುತ್ತದೆ. ಅದರ ಶ್ವಾಸನಾಳ ಪೆನ್ಸಿಲಿಗಿಂತಲೂ ಸಪೂರ. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡದಾದುದರಿಂದ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅದರ ಮೈ ಬಹುಬೇಗ ತಣ್ಣಗಾಗುತ್ತದೆ. ಆದುದರಿಂದ ಕೂಸಿನ ಶಸ್ತ್ರಚಿಕಿತ್ಸೆಗೆ ಬೇರೆಯೇ ಉಪಕರಣಗಳು, ಬೇರೆಯೇ ಅರಿವಳಿಕೆಯ ವಿಧಾನ, ಬೇರೆಯೇ ಶುಶ್ರೂಷೆ ಬೇಕು.

ಈ ಸತ್ಯವನ್ನು ಮನಗಂಡವರಲ್ಲಿ ಡೆನಿಸ್ ಬ್ರೌನ್ ಪ್ರಮುಖರು. ಅವರು 1892ರಲ್ಲಿ ಆಸ್ಟ್ರೇಲಿಯದಲ್ಲಿ ಜನಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಅನಂತರ ಇಂಗ್ಲೆಂಡಿನಲ್ಲಿ ನೆಲಸಿದರು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟಿನಲ್ಲಿ 1852ರಲ್ಲಿ ಆರಂಭವಾಗಿದ್ದ ಮಕ್ಕಳ ಆಸ್ಪತ್ರೆಯೇ ಅವರ ಕರ್ಮಭೂಮಿಯಾಯಿತು. ದೊಡ್ಡವರ ಶಸ್ತ್ರಚಿಕಿತ್ಸೆಯನ್ನು ಬಿಟ್ಟು ಮಕ್ಕಳ ಶಸ್ತ್ರಚಿಕಿತ್ಸೆಗೇ ತಮ್ಮನ್ನು ಮುಡಿಪಾಗಿಟ್ಟವರಲ್ಲಿ ಬ್ರಿಟನ್ನಿನಲ್ಲಿ ಅವರೇ ಮೊದಲಿಗರು. ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಚಿಕೊಂಡಿರುವ ಕೂಸುಗಳಿಗಾಗಿ ಅವರು ರೂಪಿಸಿದ ದಬ್ಬೆ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು.

1953ನೆಯ ವರ್ಷ ಈ ಶಾಸ್ತ್ರದ ಚರಿತ್ರೆಯಲ್ಲಿ ಸ್ಮರಣೀಯವಾದುದು. ಆ ವರ್ಷ ಲಿವರ್‌ಪೂಲ್ ನಗರದಲ್ಲಿ ಪೀಟರ್ ರಿಕ್‌ಹ್ಯಾಮ್ ಎಂಬುವರ ಶ್ರಮದಿಂದ ನವಜಾತ ಶಿಶುಗಳ ಶಸ್ತ್ರಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವೊಂದು ತೆರೆಯಿತು. ಅದೇ ವರ್ಷ ಬ್ರಿಟಿಷ್ ಮಕ್ಕಳ ಶಸ್ತ್ರವೈದ್ಯರ ಸಂಘ ಸ್ಥಾಪನೆಯಾಯಿತು; ಡೆನಿಸ್ ಬ್ರೌನ್ ಅದರ ಮೊದಲ ಅಧ್ಯಕ್ಷರಾದರು. 1954ರಲ್ಲಿ ಸಂಘದ ಮೊದಲ ಸಮ್ಮೇಳನ ನಡೆಯಿತು. ಹೆಸರಿನಲ್ಲಿ ಬ್ರಿಟಿಷ್ ಸಂಘವಾದರೂ ಅದರ ಬಾಗಿಲು ಹೊರದೇಶದವರಿಗೂ ತೆರೆದಿತ್ತು. ಮುಂದೆ ಎಷ್ಟೋ ಸಮ್ಮೇಳನಗಳು ಬ್ರಿಟನ್ನಿನ ಹೊರಗಿನ ನಗರಗಳಲ್ಲಿಯೂ ನಡೆದವು.

ಇಂಥ ಸಮ್ಮೇಳನವೆಂದರೆ ಹಾರತುರಾಯಿಗಳ ಸಮಾರಂಭವಲ್ಲ. ಒಬ್ಬ ವೈದ್ಯ ಎದ್ದು ನಿಂತು ತಾನು ಚಿಕಿತ್ಸೆ ಮಾಡಿದ ಮಕ್ಕಳ ವಿವರಗಳನ್ನು ಮುಂದಿಡುತ್ತಾನೆ. ಎಷ್ಟು ಮಕ್ಕಳು ಬದುಕಿದರೆಂಬುದರ ಜೊತೆಗೆ ಎಷ್ಟು ಮಂದಿ ಬದುಕಲಿಲ್ಲವೆಂಬುದನ್ನೂ ಹೇಳುತ್ತಾನೆ. ಸಭಿಕರು ಪ್ರಶ್ನಿಸುತ್ತಾರೆ. ಗೆಲವನ್ನು ಹೇಳಿಕೊಳ್ಳುವುದು ಯಾರಿಗೂ ಸುಲಭ; ಸೋಲನ್ನು ಸಭೆಯಲ್ಲಿ ಒಪ್ಪಿಕೊಳ್ಳುವುದಕ್ಕೆ ಎದೆಗಾರಿಕೆ ಬೇಕು. ಆದರೆ ಒಬ್ಬನ ಸೋಲು ಮರೆಯಾಗಿ ಉಳಿದರೆ ಮತ್ತೊಬ್ಬನು ಅದೇ ತಪ್ಪನ್ನು ಮತ್ತೊಂದು ಕೂಸಿನ ಮೇಲೆ ಮಾಡುತ್ತಾನೆ.

ಲೆಕ್ಕವನ್ನು ಮುಂದಿಡುವುದಕ್ಕೂ ಒಂದು ಸಮನಾದ ಅಳತೆ ಬೇಕು. ಒಂದು ಆಸ್ಪತ್ರೆಗೆ ಪುಷ್ಟವಾದ ಕೂಸುಗಳೂ ಇನ್ನೊಂದಕ್ಕೆ ದಿನ ತುಂಬದೆ ಹುಟ್ಟಿದ ಕೂಸುಗಳೂ ಬಂದರೆ, ಎರಡರ ಫಲಿತಾಂಶಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. 1962ರಲ್ಲಿ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ಡೇವಿಡ್ ವಾಟರ್‌ಸ್ಟನ್ ಮತ್ತು ಸಂಗಡಿಗರು ಅನ್ನನಾಳ ಮುಚ್ಚಿಹೋಗಿದ್ದ 218 ಕೂಸುಗಳ ವಿವರಗಳನ್ನು ಪ್ರಕಟಿಸಿದರು. ಕೂಸಿನ ತೂಕ, ನ್ಯುಮೋನಿಯದ ತೀವ್ರತೆ, ದೇಹದ ಇತರ ನ್ಯೂನತೆಗಳು ಇವುಗಳ ಆಧಾರದಿಂದ ಅವರು ಕೂಸುಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿದರು. ತೂಕವೂ ಆರೋಗ್ಯವೂ ಚೆನ್ನಾಗಿದ್ದ ಮೊದಲ ಗುಂಪಿನಲ್ಲಿ ನೂರಕ್ಕೆ 95 ಕೂಸುಗಳು ಉಳಿದಿದ್ದವು. ತೀರ ದುರ್ಬಲವಾದ ಮೂರನೆಯ ಗುಂಪಿನಲ್ಲಿ ನೂರಕ್ಕೆ ಆರು ಮಾತ್ರ. ಆ ಸಣ್ಣ ಸಂಖ್ಯೆಯನ್ನು ಅವರು ಮುಚ್ಚಿಡಲಿಲ್ಲ. ಮುಂದೆ ಬಹುಕಾಲ ಲೋಕದ ಎಷ್ಟೋ ಆಸ್ಪತ್ರೆಗಳು ತಮ್ಮ ಕೆಲಸವನ್ನು ಅದೇ ಅಳತೆಗೋಲಿನಿಂದ ಅಳೆದುಕೊಂಡವು. ಎಲ್ಲಿ ಹಿಂದುಳಿದಿದ್ದೇವೆಂದು ತಿಳಿದ ಮೇಲೆಯೇ ಮುಂದುವರಿಯುವ ದಾರಿ ಕಾಣುತ್ತದೆ.

ಈ ವಿಚಾರ ವಿನಿಮಯದಲ್ಲಿ ಭಾರತವೂ ಪಾಲುಗೊಂಡಿತು. ಭಾರತೀಯ ಮಕ್ಕಳ ಶಸ್ತ್ರವೈದ್ಯರ ಸಂಘ 1965ರಲ್ಲಿ ಜನ್ಮತಾಳಿತು. ನಮ್ಮವರು ಕೇವಲ ಕಲಿಯುವವರಾಗಿ ಉಳಿಯದೆ ಕಲಿಸುವವರೂ ಆದರೆಂಬುದಕ್ಕೆ ಒಂದು ನಿದರ್ಶನವಿದೆ. ಹೊಟ್ಟೆಯ ಎಡಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಗುಲ್ಮವೆಂಬ ಅಂಗವಿದೆ. ಮಗು ಎತ್ತರದಿಂದ ಬಿದ್ದು ಅಥವಾ ವಾಹನಕ್ಕೆ ಸಿಕ್ಕಿ ಗುಲ್ಮ ಬಿರಿದರೆ ಅದನ್ನು ಕೂಡಲೇ ತೆಗೆದುಹಾಕಬೇಕೆಂದು ವೈದ್ಯರು ಬಹುಕಾಲ ನಂಬಿದ್ದರು. ಆದರೆ ಗುಲ್ಮವಿಲ್ಲದ ಶಿಶುಗಳು ಮುಂದೆ ತೀವ್ರವಾದ ಸೋಂಕಿಗೆ ಗುರಿಯಾಗಬಹುದೆಂದು 1952ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಎಚ್ಚರಿಸಿದರು. 1968ರಲ್ಲಿ ಭಾರತದ ಪುರುಷೋತ್ತಮ ಉಪಾಧ್ಯಾಯರು ಸಿಂಪ್ಸನ್ ಎಂಬುವರೊಡನೆ ಸೇರಿ ಕೆನಡದ ಟೊರಾಂಟೊ ಮಕ್ಕಳ ಆಸ್ಪತ್ರೆಯ ಅನುಭವವನ್ನು ಪ್ರಕಟಿಸಿದರು. ಎಚ್ಚರದಿಂದ ಕಾದು ನೋಡಿದರೆ ಅನೇಕ ಮಕ್ಕಳಲ್ಲಿ ಗುಲ್ಮದ ಗಾಯ ತಾನಾಗಿಯೇ ಮಾಯುತ್ತದೆಂಬುದು ಅದರ ಸಾರ. ಅದೇ ವರ್ಷ ಅವರು ಮತ್ತು ಅವರ ಸಹೋದ್ಯೋಗಿಗಳು ಕೋತಿಗಳ ಮೇಲೆ ನಡೆಸಿದ ಗುಲ್ಮದ ಗಾಯದ ಪ್ರಯೋಗಗಳ ವಿವರವೂ ಮಕ್ಕಳ ಶಸ್ತ್ರಚಿಕಿತ್ಸೆಯ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಶಸ್ತ್ರವೈದ್ಯನಿಗೆ ‘ಶಸ್ತ್ರವನ್ನು ಕೆಳಗಿಡು’ ಎಂದರೆ ಒಪ್ಪುವುದು ಕಷ್ಟ. ಆದರೂ ಪ್ರಮಾಣಗಳು ಒಂದೊಂದಾಗಿ ಕೂಡುತ್ತ ಬಂದಂತೆ ವೈದ್ಯಲೋಕ ಒಪ್ಪಿತು. ಇಂದು ಇಂಥ ಪೆಟ್ಟು ತಿಂದ ಮಕ್ಕಳಲ್ಲಿ ಹೆಚ್ಚಿನವರು ಶಸ್ತ್ರಚಿಕಿತ್ಸೆಯಿಲ್ಲದೆಯೇ, ತಮ್ಮ ಗುಲ್ಮವನ್ನು ಉಳಿಸಿಕೊಂಡು ಮನೆಗೆ ಮರಳುತ್ತಾರೆ.

1974ರಲ್ಲಿ ಬೇರೆ ಬೇರೆ ದೇಶಗಳ ಸಂಘಗಳು ಕೂಡಿ ಒಂದು ವಿಶ್ವಒಕ್ಕೂಟವನ್ನು ರಚಿಸಿಕೊಂಡವು. ಹಿಂದೆ ಒಂದೂ ಉಳಿಯದಿದ್ದ ಅನ್ನನಾಳದ ನ್ಯೂನತೆಯ ಕೂಸುಗಳಲ್ಲಿ ಇಂದು ಸುಸಜ್ಜಿತ ಆಸ್ಪತ್ರೆಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಬದುಕುತ್ತವೆ. ಆದರೆ ಆಸ್ಪತ್ರೆಯಿಂದ ದೂರದಲ್ಲಿ ಹುಟ್ಟಿ, ತಡವಾಗಿ ಬಂದು ಸೇರುವ ಕೂಸುಗಳ ಅದೃಷ್ಟ ಇನ್ನೂ ಅಷ್ಟು ಒಳ್ಳೆಯದಲ್ಲ. ಸಂಘಗಳ ಕೆಲಸ ಮುಗಿಯಿತೆಂದು ಹೇಳುವ ದಿನ ಬಂದಿಲ್ಲ.

ಡೆನಿಸ್ ಬ್ರೌನರು 1967ರಲ್ಲಿ ಕಾಲವಾದರು. ಬ್ರಿಟಿಷ್ ಸಂಘ ಅವರ ನೆನಪಿಗಾಗಿ ಚಿನ್ನದ ಪದಕವೊಂದನ್ನು ಸ್ಥಾಪಿಸಿ, ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ಹಿರಿಯ ಸೇವೆ ಸಲ್ಲಿಸಿದವರಿಗೆ ನೀಡುತ್ತ ಬಂದಿದೆ. ಈ ವಿದ್ಯೆಯ ಗುರಿ ಒಂದು ಉತ್ತಮವಾದ ಮಟ್ಟವನ್ನು ನಿಲ್ಲಿಸುವುದೇ ಹೊರತು ಅದನ್ನು ತಮ್ಮದೇ ಸೊತ್ತಾಗಿ ಮಾಡಿಕೊಳ್ಳುವುದಲ್ಲ ಎಂಬ ಅರ್ಥದ ಅವರ ಮಾತನ್ನು ಆ ಪದಕದ ಮೇಲೆ ಕೆತ್ತಲಾಗಿದೆ. ಮದ್ದಿನ ಗುಟ್ಟನ್ನು ಮಗನಿಗಲ್ಲದೆ ಮತ್ತಾರಿಗೂ ಹೇಳದೆ ಸಾಯುವ ವೈದ್ಯನ ಕಥೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮಗನೂ ಇಲ್ಲದಿದ್ದರೆ ಮದ್ದೂ ಅವನೊಡನೆ ಮಣ್ಣಾಗುತ್ತದೆ. ಸಂಘದ ದಾರಿ ಇದಕ್ಕೆ ಬೇರೆಯಾದುದು. ಅಲ್ಲಿ ಒಬ್ಬನು ಕಂಡುಕೊಂಡದ್ದು ಎಲ್ಲರಿಗೂ ಸಲ್ಲುತ್ತದೆ. ಹಾಗೆ ಸಂದ ವಿದ್ಯೆ, ಅದನ್ನು ಕಂಡುಕೊಂಡವನು ಎಂದೂ ಕಾಣದ ಊರಿನಲ್ಲಿ, ಹೆಸರಿಡುವ ಮೊದಲೇ ಕೈಬಿಟ್ಟುಹೋಗಬಹುದಾಗಿದ್ದ ಕೂಸೊಂದನ್ನು ತಾಯಿಯ ಮಡಿಲಿಗೆ ಮರಳಿಸುತ್ತದೆ.