ಮಧುಮೇಹ: ನಿಲ್ಲಿಸಬಾರದ ಮಾತ್ರೆ, ನೋಯದ ಗಾಯ

ಮೈಮುರಿದು ದುಡಿಯುವವರಿಗೆ ಮಧುಮೇಹ ಬಾರದೆಂಬ ನಂಬಿಕೆ ರಾಮದುರ್ಗ ತಾಲೂಕಿನ ಸಾಲಹಳ್ಳಿಯಂತಹ ಕೃಷಿಕರ ಊರುಗಳಲ್ಲಿ ಇನ್ನೂ ಉಳಿದಿದೆ. ಜೋಳದ ರೊಟ್ಟಿಯಿಂದ ಸಕ್ಕರೆ ಏರದೆಂಬುದೂ ಅಂಥದೇ. ಜೋಳದಲ್ಲಿ ನಾರಿನಂಶವಿರುವುದು ನಿಜ. ಆದರೆ ಅದೂ ಪಿಷ್ಟವೇ. ರೊಟ್ಟಿಯ ಸಂಖ್ಯೆ ತಗ್ಗಿಸಿ ಕಾಳುಪಲ್ಲೆ, ತಪ್ಪಲುಪಲ್ಲೆ ಹೆಚ್ಚಿಸುವುದು ಲೇಸು.

ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ ಡೆಸಿಲೀಟರಿಗೆ 126 ಮಿಲಿಗ್ರಾಂ ಮುಟ್ಟಿದರೆ ಮರುಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. 30 ವರ್ಷ ಮೀರಿದವರಿಗೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಈ ತಪಾಸಣೆ ಉಚಿತ. ತೊಡಕಿರುವುದು ಅನಂತರ. ಸಕ್ಕರೆ ಇಳಿಯಿತೆಂದು ರೋಗಿಯು ತಾನಾಗಿಯೇ ಮಾತ್ರೆ ನಿಲ್ಲಿಸುತ್ತಾನೆ. ಇಳಿದದ್ದು ಮಾತ್ರೆಯಿಂದಲೇ ಎಂದು ಹೇಳುವವರಿರುವುದಿಲ್ಲ. ವರ್ಷಗಳು ಕಳೆದಂತೆ ಪಾದದ ಸ್ಪರ್ಶಜ್ಞಾನ ಕುಂದುತ್ತದೆ. ಬರಿಗಾಲಿಗೆ ನೆಟ್ಟ ಮುಳ್ಳು ನೋಯುವುದಿಲ್ಲ, ನೋಯದ ಗಾಯವನ್ನು ಯಾರೂ ನೋಡುವುದಿಲ್ಲ. ಅದು ಕೊಳೆತು ಕಾಲನ್ನೇ ಕತ್ತರಿಸುವ ಹಂತಕ್ಕೆ ಬರುತ್ತದೆ. ಹೊಲಕ್ಕೆ ಮುಚ್ಚಿದ ಪಾದರಕ್ಷೆ ಧರಿಸಿ, ರಾತ್ರಿ ಅಂಗಾಲು ನೋಡಿಕೊಂಡರೆ ಬಹುಪಾಲು ಅನಾಹುತ ತಪ್ಪುತ್ತದೆ.

ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡು ಉಣ್ಣದೆ ದುಡಿಯುವುದೂ ಅಪಾಯಕರ. ನಡುಕ, ಬೆವರು ಕಂಡೊಡನೆ ಸಕ್ಕರೆ ಅಥವಾ ಬೆಲ್ಲ ಕೊಡಬೇಕು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯ ಸಭೆಯಲ್ಲಿ ಸದಸ್ಯರು ಕೇಳತಕ್ಕದ್ದು ಎರಡು: ವಾರ್ಡಿನಲ್ಲಿ ಮಾತ್ರೆ ನಿಲ್ಲಿಸಿದವರೆಷ್ಟು? ಮುಂದಿನ ತಿಂಗಳಿಗೆ ಔಷಧ ದಾಸ್ತಾನು ಎಷ್ಟಿದೆ? ಕಬ್ಬು ಕಡಿಯಲು ಊರು ಬಿಡುವವರಿಗೆ ಹೊರಡುವ ಮುನ್ನವೇ ಸಾಕಷ್ಟು ಮಾತ್ರೆ ಕೊಡಿಸುವ ಏರ್ಪಾಡನ್ನು ಆಶಾ ಕಾರ್ಯಕರ್ತೆಯೊಡನೆ ಗೊತ್ತುಪಡಿಸಿಕೊಳ್ಳಬೇಕು.